ಪುಟ್ಟ ಆರ್‌ಸಿ ಕಾರು ಒಂದೇ ಕಡೆ ಎಳೆಯುತ್ತಿದೆಯಾ? ಟ್ರಿಮ್ ಮುಟ್ಟುವ ಮುಂಚೆ ಇದನ್ನು ಓದಿ

ನೇರ ಬಿಟ್ಟರೆ ಬಲಕ್ಕೆ ಹೋಗುತ್ತದೆ. ಎಡ ತಿರುವು ಚೆನ್ನಾಗಿ ತೆಗೆದುಕೊಳ್ಳುತ್ತದೆ, ಬಲ ತಿರುವಿನಲ್ಲಿ ಮಾತ್ರ ಅಗಲವಾಗಿ ಹೋಗಿ ಸೋಫಾ ಕಾಲಿಗೆ ಗುದ್ದುತ್ತದೆ. ಜೋರಾಗಿ ಥ್ರಾಟಲ್ ಕೊಟ್ಟರೆ ಹಿಂಭಾಗ ಒಂದೇ ಕಡೆ ಜಾರುತ್ತದೆ. ಅಂಗೈಯಲ್ಲಿ ಕೂರುವ ಸಣ್ಣ ರಿಮೋಟ್ ಕಾರು ಇಟ್ಟುಕೊಂಡವರಿಗೆಲ್ಲ ಈ ಕಾಟ ಗೊತ್ತು. ಆಗ ಎಲ್ಲರೂ ಮೊದಲು ಮಾಡುವುದು ಒಂದೇ ಕೆಲಸ, ರಿಮೋಟ್‌ನಲ್ಲಿರುವ ಸ್ಟೀರಿಂಗ್ ಟ್ರಿಮ್, ಅಂದರೆ ಚಕ್ರಗಳ ನೇರ ಸ್ಥಾನವನ್ನು ಸ್ವಲ್ಪ ಆಚೀಚೆ ಸರಿಸುವ ಗುಂಡಿ, ತಿರುಗಿಸುವುದು. ನಾನೂ ವಾರಗಟ್ಟಲೆ ಅದನ್ನೇ ಮಾಡಿದೆ. ಕಾರು ನೇರ ಹೋಗುತ್ತಿತ್ತು ನಿಜ, ಆದರೆ ನೇರ ಮಾತ್ರ. ತಿರುವುಗಳು ಮೊದಲಿಗಿಂತ ಕೆಟ್ಟವು. ಯಾಕೆಂದರೆ ಟ್ರಿಮ್ ತಪ್ಪನ್ನು ಸರಿ ಮಾಡುವುದಿಲ್ಲ, ಮುಚ್ಚಿಡುತ್ತದೆ. ಕೊನೆಗೆ ಸಿಕ್ಕಿದ್ದು ಏನು ಗೊತ್ತಾ? ಬಲಗಡೆ ಮುಂದಿನ ಚಕ್ರದ ಒಳಗೆ ಸುತ್ತಿಕೊಂಡಿದ್ದ ಒಂದು ಉದ್ದದ ಕೂದಲು. ಬ್ರೇಕ್ ಹಾಕಿದ ಹಾಗೆ ಆ ಚಕ್ರವನ್ನು ಹಿಡಿದು ಎಳೆಯುತ್ತಿತ್ತು.

ಆದ್ದರಿಂದ ಈಗಲೇ ರಿಮೋಟ್ ತೆಗೆದುಕೊಂಡು ಟ್ರಿಮ್ ಅನ್ನು ಸೊನ್ನೆಗೆ ತನ್ನಿ. ಸಬ್-ಟ್ರಿಮ್ (ಮೆನುವಿನೊಳಗೆ ಇರುವ ಇದೇ ಥರದ ಹೊಂದಿಕೆ) ಇದ್ದರೆ ಅದೂ ಸೊನ್ನೆ. ಕಾರಿನಲ್ಲಿ ಜೈರೋ (ಕಾರು ದಾರಿ ತಪ್ಪಿದರೆ ತಾನೇ ಸ್ಟೀರಿಂಗ್ ತಿದ್ದುವ ಭಾಗ) ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ ನೀವು ಹುಡುಕುತ್ತಿರುವ ತಪ್ಪನ್ನೇ ಅದು ತಿದ್ದುತ್ತಾ ಕೂರುತ್ತದೆ. ಎಲ್ಲಾ ಸರಿಯಾದ ಮೇಲೆ ಮತ್ತೆ ಹಾಕಿಕೊಳ್ಳಬಹುದು.

ನಾನು ಮುಖ್ಯವಾಗಿ ಹೇಳುತ್ತಿರುವುದು ಕ್ಯೋಶೋ ಮಿನಿ-ಝಡ್ ಬಗ್ಗೆ. ಜಪಾನಿನ ಕಂಪನಿ, 1999ರಲ್ಲಿ ಈ ಕಾರುಗಳನ್ನು ಶುರು ಮಾಡಿದರು. ಅಳತೆ ಸುಮಾರು 1/28. ನನ್ನ ಹತ್ತಿರ ಇರುವುದು ಎಂಆರ್-03, ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಹೋಗುವ ಮಾದರಿ, ನಾಲ್ಕು ಎಎಎ ಸೆಲ್‌ನಲ್ಲಿ ಓಡುತ್ತದೆ. ಡಬ್ಲ್ಯುಎಲ್‌ಟಾಯ್ಸ್ ಕೆ969, ಕೆ989 ಥರದ ನಾಲ್ಕು ಚಕ್ರದ ಡ್ರೈವ್ ಇರುವ ಅಗ್ಗದ ಕಾರುಗಳೂ ಇದೇ ಅಳತೆಯವು. ಅವಕ್ಕೂ ಮುಕ್ಕಾಲು ಪಾಲು ಇದೇ ಕ್ರಮ ನಡೆಯುತ್ತದೆ, ಬೇರೆಯಾಗುವುದನ್ನು ಕೊನೆಗೆ ಹೇಳುತ್ತೇನೆ.

ಒಂದು ಲೆಕ್ಕ ತಲೆಯಲ್ಲಿರಲಿ. 1/28 ಅಂದರೆ ಈ ಕಾರಿನಲ್ಲಿ ಅರ್ಧ ಮಿಲಿಮೀಟರ್ ತಪ್ಪು ನಿಜವಾದ ಕಾರಿನಲ್ಲಿ 14 ಮಿಲಿಮೀಟರ್ ತಪ್ಪಿಗೆ ಸಮ. ನಮ್ಮ ಮನೆ ಕಾರಿನ ಒಂದು ಮುಂಚಕ್ರ 14 ಮಿ.ಮೀ. ಹಿಂದೆ ಸರಿದಿದ್ದರೆ ಹೇಗೆ ಓಡುತ್ತಿತ್ತು, ಯೋಚಿಸಿ. ಅದಕ್ಕೇ ಇಲ್ಲಿ ಒಂದು ಕೂದಲು, ಒಂದು ಚೂರು ಧೂಳು, ಸ್ವಲ್ಪ ಬಾಗಿದ ಪಿನ್ನು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಮೊದಲು ತಪ್ಪು ಮುಂದಿದೆಯೋ ಹಿಂದಿದೆಯೋ ನೋಡಿ

ಇದೊಂದು ಪರೀಕ್ಷೆ ಮಾಡದೆ ಸ್ಕ್ರೂ ಡ್ರೈವರ್ ಎತ್ತಬೇಡಿ. ಟೈಲ್ಸ್ ನೆಲ ಇದ್ದರೆ ಬಹಳ ಒಳ್ಳೆಯದು, ಎರಡು ಟೈಲ್ಸ್ ಸೇರುವ ಗೆರೆಯೇ ನಿಮ್ಮ ಅಳತೆಗೋಲು. ರಿಮೋಟ್ ಆನ್ ಮಾಡಿ, ಆಮೇಲೆ ಕಾರು ಆನ್ ಮಾಡಿ, ಗೆರೆಯ ಮೇಲೆ ಕಾರನ್ನು ನೇರ ಇಟ್ಟು ಕೈಯಿಂದಲೇ ಮೆಲ್ಲಗೆ ಮುಂದಕ್ಕೆ ತಳ್ಳಿ ಬಿಡಿ. ಮೋಟಾರಿನ ಹಿಡಿತ ಇರುವುದರಿಂದ ದೂರ ಹೋಗುವುದಿಲ್ಲ, ಒಂದೆರಡು ಮೀಟರ್ ಹೋದರೂ ಸಾಕು. ಐದಾರು ಸಲ ತಳ್ಳಿ. ಆಮೇಲೆ ಅದೇ ಗೆರೆಯಲ್ಲಿ ಎದುರು ದಿಕ್ಕಿನಿಂದಲೂ ಅಷ್ಟೇ ಸಲ ತಳ್ಳಿ. ಇದು ಯಾಕೆಂದರೆ ನಮ್ಮ ಮನೆಗಳ ನೆಲ ಮಟ್ಟಸವಾಗಿರುವುದಿಲ್ಲ, ತೊಳೆದ ನೀರು ಹೊರಗೆ ಹೋಗಲಿ ಅಂತ ಬಾಗಿಲ ಕಡೆಗೋ ಬಚ್ಚಲ ಕಡೆಗೋ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ, ಕಾರು ಆ ಕಡೆ ವಾಲಿದರೆ ಅದು ಕಾರಿನ ತಪ್ಪಲ್ಲ. ಹೋಗುವಾಗ ಬಲಕ್ಕೆ, ಬರುವಾಗ ಎಡಕ್ಕೆ ಎಳೆದರೆ ನೆಲದ ಇಳಿಜಾರು. ಎರಡೂ ಸಲ ಬಲಕ್ಕೇ ಎಳೆದರೆ ಕಾರು.

ಈಗ ಥ್ರಾಟಲ್ ಕೊಟ್ಟು ಅದೇ ಗೆರೆಯ ಮೇಲೆ ಓಡಿಸಿ, ಸ್ಟೀರಿಂಗ್ ಮುಟ್ಟಬೇಡಿ. ಮೊದಲು ನಿಧಾನಕ್ಕೆ, ಆಮೇಲೆ ನಿಂತಲ್ಲಿಂದ ಒಮ್ಮೆಲೇ ಜೋರಾಗಿ.

ತಳ್ಳಿದಾಗಲೂ ಎಳೆಯುತ್ತದೆ, ಓಡಿಸಿದಾಗಲೂ ಎಳೆಯುತ್ತದೆ ಅಂದರೆ ತಪ್ಪು ಮುಂಭಾಗದಲ್ಲಿದೆ, ಇಲ್ಲವೇ ಯಾವುದೋ ಒಂದು ಚಕ್ರ ಬಿಗಿಯಾಗಿದೆ, ಇಲ್ಲವೇ ಷಾಸಿ (ಕಾರಿನ ಕೆಳಚೌಕಟ್ಟು) ತಿರುಚಿಕೊಂಡಿದೆ. ತಳ್ಳಿದಾಗ ನೇರ, ಥ್ರಾಟಲ್ ಕೊಟ್ಟಾಗ ಮಾತ್ರ ಎಳೆಯುತ್ತದೆ ಅಂದರೆ ಹಿಂದಿನ ಆಕ್ಸಲ್ ಮತ್ತು ಡಿಫರೆನ್ಷಿಯಲ್ (ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗ, ಚಿಕ್ಕದಾಗಿ ಡಿಫ್) ಕಡೆ ಹೋಗಿ. ಎರಡರಲ್ಲೂ ನೇರ, ಆದರೆ ತಿರುವಿನಲ್ಲಿ ಎಡಕ್ಕೂ ಬಲಕ್ಕೂ ವ್ಯತ್ಯಾಸ ಅಂದರೆ ಸರ್ವೋ (ಸ್ಟೀರಿಂಗ್ ತಿರುಗಿಸುವ ಸಣ್ಣ ಮೋಟಾರು, ಗೇರುಗಳ ಜೋಡಣೆ) ಇಲ್ಲವೇ ರಿಮೋಟ್ ಸೆಟ್ಟಿಂಗ್. ನೂರಕ್ಕೆ ನೂರು ಹೀಗೇ ಆಗುತ್ತದೆ ಅಂತಲ್ಲ, ಆದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಚಕ್ರ, ಟೈರು, ಕೂದಲು

ಬಾಡಿ ತೆಗೆದಿಡಿ. ಬಾಡಿ ಇಲ್ಲದೆ ಒಮ್ಮೆ ಓಡಿಸಿ ನೋಡಿ ಮೊದಲು. ತೊಂದರೆ ಮಾಯವಾದರೆ ಟೈರು ಬಾಡಿಯ ಒಳಗೆ ಎಲ್ಲೋ ತಾಗುತ್ತಿತ್ತು ಅಂತ ಅರ್ಥ. ಒಳಬದಿಯಲ್ಲಿ ಟೈರು ಉಜ್ಜಿದ ಕಪ್ಪು ಗುರುತು ಕಾಣುತ್ತದೆ, ಅಷ್ಟು ಜಾಗವನ್ನು ಸ್ವಲ್ಪ ಕೆರೆದರೆ ಕೆಲಸ ಮುಗಿಯಿತು.

ತೊಂದರೆ ಹಾಗೇ ಇದೆಯಾ? ಕಾರನ್ನು ಕೈಯಲ್ಲಿ ಹಿಡಿದು ಮುಂದಿನ ಎರಡೂ ಚಕ್ರಗಳನ್ನು ಬೆರಳಿಂದ ಚಿಮ್ಮಿಸಿ. ಎರಡೂ ಹೆಚ್ಚುಕಡಿಮೆ ಒಂದೇ ಹೊತ್ತು ತಿರುಗಬೇಕು. ಒಂದು ಬೇಗ ನಿಂತರೆ ಅದರ ನಟ್ ತೆಗೆದು ಚಕ್ರ ಹೊರಗೆ ಎಳೆಯಿರಿ. ಆಕ್ಸಲ್ ಬುಡದಲ್ಲಿ ನೋಡಿ, ಕೂದಲು, ದಾರ, ಕಾರ್ಪೆಟ್ಟಿನ ನಾರು ಇದ್ದೇ ಇರುತ್ತದೆ. ಬ್ಲೇಡಿನಿಂದ ಕತ್ತರಿಸಿ ಚಿಮಟದಿಂದ ಎಳೆದು ಹಾಕಿ. ಬೇರಿಂಗ್ ಆದರೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ, ಒಣಗಿಸಿ, ಒಂದೇ ಒಂದು ಹನಿ ತೆಳು ಎಣ್ಣೆ. ಹೊಲಿಗೆ ಮಷೀನಿನ ಎಣ್ಣೆ ಸಾಕು. ಕೊಬ್ಬರಿ ಎಣ್ಣೆ ದಯವಿಟ್ಟು ಬೇಡ, ಅದು ಧೂಳನ್ನು ಹಿಡಿದುಕೊಂಡು ಅಂಟಾಗುತ್ತದೆ, ಚಳಿಗಾಲದಲ್ಲಿ ಗಟ್ಟಿಯೂ ಆಗುತ್ತದೆ.

ಚಕ್ರ ವಾಪಸ್ ಹಾಕುವಾಗ ನಟ್ ಪೂರ್ತಿ ಬಿಗಿ ಮಾಡಿ, ಆಮೇಲೆ ಕಾಲು ಸುತ್ತು ಸಡಿಲಿಸಿ. ಚಕ್ರವನ್ನು ಒಳಗೆ ಹೊರಗೆ ಅಲ್ಲಾಡಿಸಿದರೆ ಕಣ್ಣಿಗೆ ಕಂಡೂ ಕಾಣದಷ್ಟು ಆಡಬೇಕು. ಎರಡೂ ಕಡೆ ಒಂದೇ ಸಮ ಆಡಬೇಕು, ಇದು ಮುಖ್ಯ.

ಟೈರನ್ನೂ ಬಿಡಬೇಡಿ. ಈ ಕಾರುಗಳಲ್ಲಿ ಟೈರನ್ನು ರಿಮ್ಮಿಗೆ ಡಬಲ್ ಸೈಡ್ ಟೇಪಿನಿಂದ ಅಂಟಿಸುತ್ತಾರೆ. ಟೇಪು ಬಿಟ್ಟುಕೊಂಡರೆ ನಿಂತಾಗ ಎಲ್ಲಾ ಸರಿಯಾಗಿ ಕಾಣುತ್ತದೆ, ತಿರುವಿನಲ್ಲಿ ಮಾತ್ರ ಟೈರು ಮಡಚಿಕೊಳ್ಳುತ್ತದೆ. ಹೆಬ್ಬೆರಳಿನಿಂದ ಟೈರನ್ನು ಪಕ್ಕಕ್ಕೆ ಒತ್ತಿ ನೋಡಿ, ರಿಮ್ಮಿನಿಂದ ಏಳಬಾರದು. ಟೈರಿನ ಮೇಲೆ 20, 30, 40 ಅಂತ ಬರೆದಿರುತ್ತದೆ, ಸಂಖ್ಯೆ ಕಡಿಮೆಯಾದಷ್ಟು ರಬ್ಬರು ಮೆತ್ತಗೆ. ಎಡಕ್ಕೊಂದು ಬಲಕ್ಕೊಂದು ಬೇರೆ ಸಂಖ್ಯೆಯ ಟೈರು ಬಿದ್ದಿದೆಯಾ ನೋಡಿಕೊಳ್ಳಿ. ಸೆಕೆಂಡ್‌ಹ್ಯಾಂಡ್ ತೆಗೆದುಕೊಂಡ ಕಾರಿನಲ್ಲಿ ಇದು ಜಾಸ್ತಿ.

ಮುಂಭಾಗ ಬಿಚ್ಚುವುದು

ಬಿಚ್ಚುವ ಮುಂಚೆ ಸ್ಕ್ರೂ ಬಗ್ಗೆ ಎರಡು ಮಾತು, ಯಾಕೆಂದರೆ ಇಲ್ಲೇ ಜಾಸ್ತಿ ಕಾರುಗಳು ಹಾಳಾಗುವುದು. ಜಪಾನಿನ ಕಾರುಗಳ ಪ್ಲಸ್ ಸ್ಕ್ರೂ ನಮ್ಮ ಅಂಗಡಿಯಲ್ಲಿ ಸಿಗುವ ಫಿಲಿಪ್ಸ್ ಡ್ರೈವರಿಗೆ ಸರಿಯಾಗಿ ಕೂರುವುದಿಲ್ಲ, ಅದು ಜೆಐಎಸ್ ಅನ್ನುವ ಜಪಾನೀ ಅಳತೆ. ಫಿಲಿಪ್ಸ್ ಹಾಕಿ ಒತ್ತಿ ತಿರುಗಿಸಿದರೆ ತಲೆ ತಿಂದುಹೋಗುತ್ತದೆ. ಒಂದು ಜೆಐಎಸ್ ಡ್ರೈವರ್ ತರಿಸಿಕೊಳ್ಳಿ. ಎರಡನೆಯದು, ಈ ಸ್ಕ್ರೂಗಳು ಪ್ಲಾಸ್ಟಿಕ್ಕಿನಲ್ಲಿ ತಾವೇ ಮರೆ (ಥ್ರೆಡ್) ಕೊರೆದುಕೊಂಡು ಕೂತಿರುತ್ತವೆ. ವಾಪಸ್ ಹಾಕುವಾಗ ಮೊದಲು ಉಲ್ಟಾ ತಿರುಗಿಸಿ, ಸ್ಕ್ರೂ ಸಣ್ಣಗೆ 'ಟಕ್' ಅಂತ ಹಳೆಯ ಮರೆಯೊಳಗೆ ಬೀಳುವುದು ಬೆರಳಿಗೆ ಗೊತ್ತಾಗುತ್ತದೆ, ಅಲ್ಲಿಂದ ಬಿಗಿ ಮಾಡಿ. ಹಾಗೆ ಮಾಡದಿದ್ದರೆ ಪ್ರತಿ ಸಲ ಹೊಸ ಮರೆ ಕೊರೆದು ಐದಾರು ಸಲಕ್ಕೆ ತೂತು ಲೂಸಾಗುತ್ತದೆ.

ಕೆಲಸ ಮಾಡುವುದಕ್ಕೆ ಅಂಚಿರುವ ಸ್ಟೀಲ್ ಊಟದ ತಟ್ಟೆ, ಅದರೊಳಗೆ ಒಂದು ಬಿಳಿ ಬಟ್ಟೆ. ಬಿದ್ದದ್ದು ಉರುಳಿ ಹೋಗುವುದಿಲ್ಲ, ಕಣ್ಣಿಗೂ ಕಾಣುತ್ತದೆ.

ಮುಂದಿನ ಪ್ರತಿ ಚಕ್ರವೂ ನಕಲ್ ಅನ್ನುವ ತುಂಡಿನ ಮೇಲಿದೆ. ಆ ನಕಲ್ ಒಂದು ಸಣ್ಣ ನಿಂತ ಪಿನ್ನಿನ ಸುತ್ತ ತಿರುಗುತ್ತದೆ, ಅದು ಕಿಂಗ್‌ಪಿನ್. ಅದರ ಮೇಲೆ ಪುಟಾಣಿ ಸ್ಪ್ರಿಂಗು. ಎರಡೂ ನಕಲ್‌ಗಳನ್ನು ಜೋಡಿಸುವ ಅಡ್ಡ ಪಟ್ಟಿ ಟೈ ರಾಡ್, ಅದನ್ನು ಸರ್ವೋ ಎಡಕ್ಕೂ ಬಲಕ್ಕೂ ಎಳೆಯುತ್ತದೆ. ಇಷ್ಟೇ ಇಡೀ ಸ್ಟೀರಿಂಗು.

ಟೈ ರಾಡ್ ಬಿಚ್ಚಿ ಪಕ್ಕಕ್ಕಿಡಿ. ಈಗ ಒಂದೊಂದೇ ನಕಲ್ ಅನ್ನು ಬೆರಳಿನಿಂದ ತಿರುಗಿಸಿ, ಮೇಲೆ ಕೆಳಗೆ ಒತ್ತಿ. ಬೆಣ್ಣೆ ಥರ ಹೋಗಬೇಕು. ಎಲ್ಲಾದರೂ ಹಿಡಿದರೆ ಕಿಂಗ್‌ಪಿನ್ ತೆಗೆದು ಗಾಜಿನ ಮೇಲೆ ಉರುಳಿಸಿ. ನೇರ ಇರುವ ಪಿನ್ನು ಸದ್ದಿಲ್ಲದೆ ಉರುಳುತ್ತದೆ, ಬಾಗಿದ ಪಿನ್ನು ಕುಂಟುತ್ತದೆ. ಬಾಗಿದ್ದನ್ನು ಇಕ್ಕಳದಲ್ಲಿ ನೇರ ಮಾಡಲು ಹೋಗಬೇಡಿ, ಹೊಸದು ಹಾಕಿ, ಜೋಡಿಯಾಗಿ ಹಾಕಿ. ಸ್ಪ್ರಿಂಗ್ ಎರಡನ್ನೂ ಪಕ್ಕ ಪಕ್ಕ ನಿಲ್ಲಿಸಿ ಎತ್ತರ ನೋಡಿ. ಒಂದು ಚೂರು ಕುಗ್ಗಿದ್ದರೂ ಎರಡನ್ನೂ ಬದಲಾಯಿಸಿ. ಸ್ಪ್ರಿಂಗ್ ಮೆತ್ತಗಾದ ಮೂಲೆ ಕುಸಿಯುತ್ತದೆ, ಅದರ ಓರೆಗಿರುವ ಹಿಂದಿನ ಮೂಲೆಯೂ ಹಗುರಾಗುತ್ತದೆ, ಆಮೇಲೆ ಎಡ ತಿರುವೂ ಬಲ ತಿರುವೂ ಎಂದಿಗೂ ಒಂದೇ ಆಗುವುದಿಲ್ಲ.

ಟೈ ರಾಡ್ ಪ್ಲಾಸ್ಟಿಕ್ಕಿನದು. ಗಾಜಿನ ಮೇಲೆ ಚಪ್ಪಟೆ ಇಟ್ಟು ನೋಡಿ, ಬಾಗಿದ್ದರೆ ಒಂದು ತುದಿ ಏಳುತ್ತದೆ. ತುದಿಯ ತೂತುಗಳು ಸವೆದು ಉದ್ದವಾಗಿದ್ದರೆ ಚಕ್ರ ತನ್ನಿಷ್ಟಕ್ಕೆ ಆಡುತ್ತದೆ. ಟೋ ಕೋನ (ಮೇಲಿಂದ ನೋಡಿದಾಗ ಮುಂಚಕ್ರಗಳು ಒಳಗೋ ಹೊರಗೋ ತಿರುಗಿರುವ ಕೋನ) ಬೇರೆ ಬೇರೆ ಇರುವ ಟೈ ರಾಡ್‌ಗಳು ಸಿಗುತ್ತವೆ. ತಪ್ಪು ಹುಡುಕುವಾಗ ಸೊನ್ನೆ ಡಿಗ್ರಿಯದನ್ನು ಹಾಕಿಕೊಂಡರೆ ಕಣ್ಣಿಗೆ ಸುಲಭ, ಎರಡೂ ಚಕ್ರ ಒಂದಕ್ಕೊಂದು ಸಮಾನಾಂತರವಾಗಿ ನಿಲ್ಲಬೇಕು ಅಷ್ಟೇ.

ಸರ್ವೋ

ಎಲ್ಲಾ ಜೋಡಿಸಿ, ಆನ್ ಮಾಡಿ, ಕಾರನ್ನು ಕಣ್ಣಿನ ಎತ್ತರಕ್ಕೆ ಹಿಡಿದು ಮುಂದಿನಿಂದ ನೋಡಿ. ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ, ನಿಧಾನವಾಗಿ ಬಿಡಿ. ಚಕ್ರ ಎಲ್ಲಿ ನಿಂತಿತು ಅಂತ ಗುರುತು ಇಟ್ಟುಕೊಳ್ಳಿ. ಈಗ ಪೂರ್ತಿ ಬಲಕ್ಕೆ, ನಿಧಾನವಾಗಿ ಬಿಡಿ. ಎರಡು ಸಲವೂ ಒಂದೇ ಜಾಗದಲ್ಲಿ ನಿಂತರೆ ಒಳ್ಳೆಯದು. ಎಡದಿಂದ ಬಂದಾಗ ಸ್ವಲ್ಪ ಎಡಕ್ಕೆ, ಬಲದಿಂದ ಬಂದಾಗ ಸ್ವಲ್ಪ ಬಲಕ್ಕೆ ನಿಂತರೆ ನಿಮ್ಮ ಕಾರಿಗೆ ಎರಡು 'ನೇರ' ಇವೆ. ಇದನ್ನು ಯಾವ ಟ್ರಿಮ್ಮೂ ಸರಿ ಮಾಡಲಾರದು, ಅಲ್ವಾ? ಒಂದನ್ನು ಸರಿ ಮಾಡಿದರೆ ಇನ್ನೊಂದು ಇನ್ನಷ್ಟು ತಪ್ಪುತ್ತದೆ. ಟ್ರಿಮ್ ತಿರುಗಿಸಿ ತಿರುಗಿಸಿ ಬೇಸತ್ತವರ ಕಾರನ್ನು ಹೀಗೆ ಹಿಡಿದು ನೋಡಿದರೆ ಬಹಳ ಸಲ ಸಿಗುವುದು ಇದೇ.

ಕಾರಣ ಮೂರರಲ್ಲಿ ಒಂದು. ನಕಲ್ ಎಲ್ಲೋ ಬಿಗಿ ಇದೆ, ಅದನ್ನು ಆಗಲೇ ನೋಡಿದಿರಿ. ಇಲ್ಲವೇ ಸರ್ವೋ ಹಲ್ಲುಗಳ ಮಧ್ಯೆ, ಟೈ ರಾಡ್ ತೂತುಗಳಲ್ಲಿ ಸಂದು ಜಾಸ್ತಿಯಾಗಿದೆ. ಇಲ್ಲವೇ ಸರ್ವೋ ಒಳಗಿನ ಪೊಟೆನ್ಶಿಯೋಮೀಟರ್ ಕೊಳೆಯಾಗಿದೆ. ಈ ಪೊಟೆನ್ಶಿಯೋಮೀಟರ್ ಹಳೆಯ ರೇಡಿಯೋದ ವಾಲ್ಯೂಮ್ ಗುಂಡಿಯ ಜಾತಿಯದೇ. ಸ್ಟೀರಿಂಗ್ ಎಷ್ಟು ತಿರುಗಿದೆ ಅಂತ ಸರ್ಕ್ಯೂಟಿಗೆ ಹೇಳುವುದು ಇದರ ಕೆಲಸ. ಕಾರು ಜಾಸ್ತಿ ಹೊತ್ತು ನೇರವೇ ಓಡುವುದರಿಂದ ನಡುವಿನ ಜಾಗ ಬೇಗ ಸವೆಯುತ್ತದೆ. ಹಳೆಯ ರೇಡಿಯೋ ಗುಂಡಿ ತಿರುಗಿಸುವಾಗ ಕರಕರ ಅನ್ನುತ್ತಿತ್ತಲ್ಲ, ಹಾಗೇ ಇಲ್ಲಿ ಚಕ್ರಗಳು ನೇರ ಇದ್ದಾಗ ನಡುಗುತ್ತವೆ. ಕಾಂಟ್ಯಾಕ್ಟ್ ಕ್ಲೀನರ್ ಒಂದೇ ಹನಿ ಒಳಗೆ ಬಿಟ್ಟು, ರಿಮೋಟಿನಿಂದ ಇಪ್ಪತ್ತು ಮೂವತ್ತು ಸಲ ಆ ತುದಿಯಿಂದ ಈ ತುದಿಗೆ ಆಡಿಸಿ. ಬೆಂಗಳೂರಿನವರಿಗೆ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಈ ಸ್ಪ್ರೇ ಸಿಗುತ್ತದೆ. ಎರಡು ಮೂರು ದಿನದಲ್ಲಿ ನಡುಕ ವಾಪಸ್ ಬಂದರೆ ಪೊಟೆನ್ಶಿಯೋಮೀಟರ್ ಬದಲಾಯಿಸುವುದೇ ದಾರಿ.

ಚಕ್ರವನ್ನು ಕೈಯಲ್ಲಿ ಹಿಡಿದು ಸರ್ವೋ ತಿರುಗಿಸಬೇಡಿ. ಹಲ್ಲುಗಳು ಉಗುರಿನ ತುದಿಗಿಂತ ತೆಳು. ಯಾವಾಗಲೂ ರಿಮೋಟಿನಿಂದ ನಿಧಾನವಾಗಿ ತಿರುಗಿಸಿ ಕೇಳಿ. ಒಂದೇ ಕೋನದಲ್ಲಿ ಪ್ರತಿ ಸಲ ಜಿಗಿದರೆ ಆ ಜಾಗದ ಹಲ್ಲು ಮುರಿದಿದೆ.

ಸರ್ವೋ ಹಾರ್ನ್ (ಟೈ ರಾಡ್ ಎಳೆಯುವ ಸರ್ವೋದ ತೋಳು) ಬಿಚ್ಚಿ ಹಾಕುವಂಥ ಕಾರಾದರೆ, ಮೊದಲು ಟ್ರಿಮ್ ಸೊನ್ನೆ ಇಟ್ಟು ಆನ್ ಮಾಡಿ, ಸರ್ವೋ ತಾನಾಗಿ ನಡುವಿಗೆ ಬಂದ ಮೇಲೆ ಹಾರ್ನ್ ನೆಟ್ಟಗೆ ಕೂರಿಸಿ. ಒಂದು ಹಲ್ಲು ಆಚೀಚೆ ಕೂತರೂ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ತಿರುಗುತ್ತದೆ.

ಇಷ್ಟೆಲ್ಲ ಆದ ಮೇಲೆ ಸೀಮೆಸುಣ್ಣ ತನ್ನಿ. ಪೂರ್ತಿ ಎಡಕ್ಕೆ ತಿರುಗಿಸಿ ಬಹಳ ನಿಧಾನವಾಗಿ, ಟೈರು ಜಾರದ ವೇಗದಲ್ಲಿ, ಒಂದು ಸುತ್ತು ಹಾಕಿಸಿ. ವೃತ್ತದ ಎರಡು ಬದಿ ಗುರುತು ಮಾಡಿ ಅಳೆಯಿರಿ. ಬಲಕ್ಕೂ ಹಾಗೇ. ಎರಡರಲ್ಲಿ ಯಾವುದು ದೊಡ್ಡದೋ ಅದಕ್ಕೆ ಇನ್ನೊಂದನ್ನು ಹೊಂದಿಸಬೇಕು, ಅಂದರೆ ಜಾಸ್ತಿ ತಿರುಗುವ ಕಡೆಯ ಎಂಡ್ ಪಾಯಿಂಟ್ (ಆ ಕಡೆಗೆ ಸ್ಟೀರಿಂಗ್ ತಿರುಗುವ ಮಿತಿ) ಅನ್ನು ರಿಮೋಟಿನಲ್ಲಿ ಕಡಿಮೆ ಮಾಡಬೇಕು. ಕಡಿಮೆ ತಿರುಗುವ ಕಡೆಯದನ್ನು ಹೆಚ್ಚಿಸಲು ಹೋದರೆ ಟೈ ರಾಡ್ ಷಾಸಿಗೆ ತಾಗಿ ಸರ್ವೋ ಮೋಟಾರ್ ಒದ್ದಾಡುತ್ತದೆ, ಸುಟ್ಟೂ ಹೋಗಬಹುದು. ಅಗ್ಗದ ರಿಮೋಟಿನಲ್ಲಿ ಎಡಕ್ಕೂ ಬಲಕ್ಕೂ ಬೇರೆ ಬೇರೆ ಸೆಟ್ಟಿಂಗ್ ಇರುವುದಿಲ್ಲ, ಎರಡೂ ಕಡೆಯ ತಿರುವನ್ನು ಒಟ್ಟಿಗೇ ಬದಲಿಸುವ ಒಂದೇ ಡ್ಯುಯಲ್ ರೇಟ್ ಗುಂಡಿ ಇರುತ್ತದೆ. ಅಂಥದ್ದರಲ್ಲಿ ಹಾರ್ನ್, ಟೈ ರಾಡ್ ಸರಿಯಾಗಿ ಕೂರಿಸುವುದೊಂದೇ ದಾರಿ.

ಷಾಸಿ ತಿರುಚಿದ್ದರೆ

ಕಿಟಕಿ ಗಾಜಿನ ತುಂಡಿನ ಮೇಲೆ ಕಾರು ಇಡಿ, ಸೆಲ್ ಹಾಕಿಯೇ ಇಡಿ. ತೆಳ್ಳಗಿನ ಕಾಗದದ ನಾಲ್ಕು ಚೂರು ಕತ್ತರಿಸಿ ಒಂದೊಂದು ಟೈರಿನ ಕೆಳಗೆ ಒಂದೊಂದು. ಈಗ ಎಡ ಮುಂದಿನದನ್ನು ಮೆಲ್ಲಗೆ ಎಳೆಯಿರಿ, ಆಮೇಲೆ ಬಲ ಮುಂದಿನದನ್ನು. ಕಣ್ಣು ಮುಚ್ಚಿಕೊಂಡು ಎಳೆದರೆ ವ್ಯತ್ಯಾಸ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಒಂದು ಬಿಗಿಯಾಗಿ ಹಿಡಿದು ಇನ್ನೊಂದು ಸರ್ರನೆ ಬಂದರೆ ಭಾರ ಓರೆಯಾಗಿದೆ. ಇಡೀ ಕಾರು ಸೆಲ್ ಸಮೇತ 170 ಗ್ರಾಂ ಆಸುಪಾಸು, ಒಂದೊಂದು ಟೈರಿನ ಮೇಲೆ ಬೀಳುವುದು ಹಿಡಿ ಕಡಲೆಕಾಯಿಯಷ್ಟು ಭಾರ. ಹತ್ತು ಗ್ರಾಂ ಆ ಕಡೆ ಈ ಕಡೆ ಆದರೂ ತಿರುವು ಬದಲಾಗುತ್ತದೆ.

ಮಿನಿ-ಝಡ್‌ನಲ್ಲಿ ಮೋಟಾರು, ಹಿಂದಿನ ಆಕ್ಸಲ್ ಇರುವ ಹಿಂಬದಿಯ ಪಾಡ್ ಅನ್ನು ಒಂದು ತೆಳ್ಳನೆಯ ಪ್ಲೇಟು ಷಾಸಿಗೆ ಹಿಡಿದಿರುತ್ತದೆ. ಆ ಪ್ಲೇಟಿನ ಸ್ಕ್ರೂಗಳನ್ನು ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಬಿಗಿ ಮಾಡಿದ್ದರೆ ಇಡೀ ಕಾರು ತಿರುಚಿಕೊಂಡಿರುತ್ತದೆ. ಎಲ್ಲವನ್ನೂ ಅರ್ಧ ಸುತ್ತು ಸಡಿಲಿಸಿ, ಕಾರನ್ನು ಗಾಜಿನ ಮೇಲೆ ಅಂಗೈಯಿಂದ ಸಮವಾಗಿ ಒತ್ತಿ ಹಿಡಿದು, ಓರೆ ಓರೆಯಾಗಿ, ಅಂದರೆ ಎಡ ಮುಂದೆ, ಬಲ ಹಿಂದೆ, ಬಲ ಮುಂದೆ, ಎಡ ಹಿಂದೆ ಹೀಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬನ್ನಿ. ಕಾಗದ ಮತ್ತೆ ಎಳೆದು ನೋಡಿ. ಬಾಡಿ ಹಾಕಿಯೂ ಒಮ್ಮೆ ಎಳೆಯಿರಿ, ಬಾಡಿಯ ಕ್ಲಿಪ್ಪು ಸಹ ಷಾಸಿಯನ್ನು ಒಂದು ಕಡೆ ಜಗ್ಗುವುದುಂಟು.

ಡಿಫರೆನ್ಷಿಯಲ್

ಇದು ಬೇಕೇ ಬೇಕು ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ. ಹಿಂದಿನ ಎರಡು ಟೈರುಗಳ ನಡುವಿನ ಅಂತರ 6 ಸೆಂ.ಮೀ. ಅಂತ ಇಟ್ಟುಕೊಳ್ಳೋಣ. ಕಾರು ಪೂರ್ತಿ ಹಿಂದಕ್ಕೆ ತಿರುಗಿದರೆ, ಅಂದರೆ ಅರ್ಧ ವೃತ್ತ ಸುತ್ತಿದರೆ, ಹೊರಗಿನ ಟೈರು ಒಳಗಿನದಕ್ಕಿಂತ ಸುಮಾರು 19 ಸೆಂ.ಮೀ. ಜಾಸ್ತಿ ದೂರ ಹೋಗಬೇಕು. ತಿರುವು ಸಣ್ಣದೋ ದೊಡ್ಡದೋ, ಅರ್ಧ ವೃತ್ತಕ್ಕೆ ವ್ಯತ್ಯಾಸ ಇಷ್ಟೇ. ಟೈರಿನ ಅಡ್ಡಳತೆ 2.5 ಸೆಂ.ಮೀ. ಆದರೆ ಹೊರಗಿನ ಚಕ್ರ ಎರಡೂವರೆ ಸುತ್ತಿನಷ್ಟು ಹೆಚ್ಚು ತಿರುಗಬೇಕು. ಡಿಫ್ ಬಿಗಿಯಾಗಿದ್ದರೆ ಆ ಸುತ್ತುಗಳನ್ನು ಟೈರು ಜಾರಿಯೇ ತೀರಿಸಬೇಕು.

ಡಬ್ಬಿಯಿಂದ ಬರುವ ಕಾರಿನಲ್ಲಿ ಸಾಮಾನ್ಯವಾಗಿ ಗೇರ್ ಡಿಫ್ ಇರುತ್ತದೆ, ಒಳಗೆ ಪುಟ್ಟ ಪುಟ್ಟ ಓರೆ ಹಲ್ಲಿನ ಗೇರುಗಳು. ಇದರಲ್ಲಿ ಹೊಂದಿಸುವುದು ಏನೂ ಇಲ್ಲ, ಚೊಕ್ಕಟವಾಗಿ ಇಟ್ಟುಕೊಳ್ಳಬೇಕು ಅಷ್ಟೇ. ಒಂದು ಹಿಂಚಕ್ರ ಮುಂದಕ್ಕೆ ತಿರುಗಿಸಿದರೆ ಇನ್ನೊಂದು ಹಿಂದಕ್ಕೆ ಸಲೀಸಾಗಿ ತಿರುಗಬೇಕು. ಕಟಕಟ ಅಂದರೆ ಹಲ್ಲು ಹೋಗಿದೆ ಇಲ್ಲವೇ ಕಸ ಸೇರಿದೆ. ಬಿಚ್ಚಿ, ಆಲ್ಕೋಹಾಲಿನಲ್ಲಿ ತೊಳೆದು, ಹಲ್ಲು ನೋಡಿ, ಚೂರು ಗ್ರೀಸ್ ಹಾಕಿ ಮುಚ್ಚಿ.

ಇಲ್ಲಿ ಒಂದು ವಿಷಯ ಬಹಳ ಜನ ತಪ್ಪು ತಿಳಿಯುತ್ತಾರೆ. ಗೇರ್ ಡಿಫ್ ಎರಡೂ ಚಕ್ರಕ್ಕೆ ಸಮವಾಗಿಯೇ ಬಲ ಕಳಿಸುತ್ತದೆ. ಥ್ರಾಟಲ್ ಕೊಟ್ಟಾಗ ಕಾರು ಎಡಕ್ಕೆ ಎಳೆದರೆ ಡಿಫ್ ಎಡಕ್ಕೆ ಕಡಿಮೆ ಬಲ ಕೊಡುತ್ತಿದೆ ಅಂತಲ್ಲ, ಎಡ ಹಿಂಚಕ್ರವನ್ನು ಏನೋ ಹಿಡಿದಿದೆ, ಇಲ್ಲವೇ ಆ ಟೈರಿಗೆ ನೆಲದ ಹಿಡಿತ ಕಡಿಮೆ. ಚಕ್ರ ಪಾಡ್‌ಗೆ ಉಜ್ಜುತ್ತಿದೆಯಾ, ಬೇರಿಂಗ್ ಹಿಡಿದುಕೊಂಡಿದೆಯಾ, ಅಲ್ಲೂ ಕೂದಲಿದೆಯಾ ನೋಡಿ. ಆಕ್ಸಲ್ ಅನ್ನು ಎಡಬಲ ಅಲ್ಲಾಡಿಸಿದರೆ ಕೂದಲೆಳೆಯಷ್ಟು ಆಡಬೇಕು. ಆಟವೇ ಇಲ್ಲದಿದ್ದರೆ ಬೇರಿಂಗ್ ಪಕ್ಕಕ್ಕೆ ಒತ್ತಿಕೊಂಡು ಬಿಗಿಯಾಗಿದೆ.

ಬಾಲ್ ಡಿಫ್ ಇನ್ನೊಂದು ಥರ. ನನಗೆ ಇದು ಬಹಳ ಇಷ್ಟ. ದೊಡ್ಡ ಗೇರಿನ ಮೈಯಲ್ಲಿ ತೂತುಗಳು, ತೂತಿಗೊಂದು ಸಾಸಿವೆ ಕಾಳಿನಂಥ ಗುಂಡು. ಎರಡೂ ಬದಿಯಿಂದ ನುಣುಪಾದ ಉಕ್ಕಿನ ಬಳೆಗಳು ಆ ಗುಂಡುಗಳನ್ನು ಒತ್ತಿ ಹಿಡಿದಿರುತ್ತವೆ. ಬಲ ಹೋಗುವುದು ಬರೀ ಘರ್ಷಣೆಯಿಂದ. ಎಷ್ಟು ಒತ್ತಬೇಕು ಅಂತ ಆಕ್ಸಲ್ ತುದಿಯ ಸಣ್ಣ ನಟ್ ನಿರ್ಧರಿಸುತ್ತದೆ. ಇದೇ ನಟ್ಟಿನಲ್ಲಿ ಅರ್ಧ ಜನ ಎಡವುತ್ತಾರೆ.

ಸಡಿಲವಾದರೆ ಹೊರಡುವಾಗ ಡಿಫ್ ಕೀಚ್ ಅಂತ ಚೀರುತ್ತದೆ, ಮೋಟಾರ್ ಸದ್ದು ಏರುತ್ತದೆ, ಕಾರು ಮಾತ್ರ ತಡವಾಗಿ ಹೊರಡುತ್ತದೆ. ಆ ಚೀರುವ ಸದ್ದು ಒಮ್ಮೆ ಕೇಳಿದರೂ ನಿಲ್ಲಿಸಿಬಿಡಿ, ಗುಂಡು ಜಾರಿ ಬಳೆಯ ಮೇಲೆ ಗೀರು ಬೀಳುತ್ತಿದೆ. ಜಾಸ್ತಿ ಬಿಗಿಯಾದರೆ ಥ್ರಾಟಲ್ ಬಿಟ್ಟು ತಿರುವಿಗೆ ಹೋಗುವಾಗ ಕಾರು ತಿರುಗದೆ ನೇರ ನುಗ್ಗುತ್ತದೆ, ಮಧ್ಯದಲ್ಲಿ ಥ್ರಾಟಲ್ ಕೊಟ್ಟರೆ ಹಿಂಭಾಗ ತಟಕ್ಕನೆ ಜಾರುತ್ತದೆ. ಬಿಗಿ ಡಿಫ್ ಜೊತೆಗೆ ಹಿಂದಿನ ಒಂದು ಟೈರು ಹೆಚ್ಚು ಸವೆದಿದ್ದರೆ ಕಾರು ಆ ಸಣ್ಣ ಟೈರಿನ ಕಡೆಗೇ ಎಳೆಯುತ್ತದೆ.

ಪರೀಕ್ಷೆ ಹೀಗೆ. ಎರಡೂ ಹಿಂಚಕ್ರಗಳನ್ನು ಒಂದೇ ಕೈಯಲ್ಲಿ ಗಟ್ಟಿಯಾಗಿ ಹಿಡಿಯಿರಿ. ಇನ್ನೊಂದು ಕೈಯ ಹೆಬ್ಬೆರಳಿನಿಂದ ದೊಡ್ಡ ಗೇರನ್ನು ತಳ್ಳಿ. ಸುಮ್ನೆ ತಳ್ಳಿದರೆ ಜಾರಬಾರದು, ಚೆನ್ನಾಗಿ ಬಲ ಹಾಕಿದರೆ ಮಾತ್ರ ಕಷ್ಟಪಟ್ಟು ಜಾರಬೇಕು. ಆಮೇಲೆ ಗೇರ್ ಬಿಟ್ಟು ಒಂದು ಚಕ್ರ ತಿರುಗಿಸಿ, ಇನ್ನೊಂದು ಉಲ್ಟಾ ತಿರುಗುವಾಗ ಮರಳಿನ ಮೇಲೆ ಓಡಿದ ಹಾಗೆ ಅನ್ನಿಸಬಾರದು. ನಟ್ ತಿರುಗಿಸುವುದಾದರೆ ಒಂದು ಸಲಕ್ಕೆ ಎಂಟನೇ ಒಂದು ಸುತ್ತು, ಜಾಸ್ತಿ ಬೇಡ.

ಮರಳಿನ ಹಾಗೆ ಅನ್ನಿಸಿದರೆ ಬಿಚ್ಚಲೇಬೇಕು. ತಟ್ಟೆಯ ಮೇಲೆ ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಜೋಡಿಸಿ, ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಎಲ್ಲವನ್ನೂ ಆಲ್ಕೋಹಾಲಿನಲ್ಲಿ ತೊಳೆಯಿರಿ. ಬಳೆಯನ್ನು ಬೆಳಕಿಗೆ ಹಿಡಿದರೆ ಗುಂಡು ಓಡಿದ ವೃತ್ತ ಕಾಣುತ್ತದೆ. ಉಗುರಿಗೆ ಸಿಗುವಷ್ಟು ಆಳ ಇದ್ದರೆ ಬಳೆ ತಿರುಗಿಸಿ ಇನ್ನೊಂದು ಮುಖ ಬಳಸಿ. ಬರೀ ಗುರುತಾದರೆ ಗಾಜಿನ ಮೇಲೆ 1000 ನಂಬರಿನ ನೀರು ಕಾಗದ (ನೀರು ಹಾಕಿ ಉಜ್ಜುವ ಮರಳು ಕಾಗದ) ಇಟ್ಟು, ಬಳೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಕನ್ನಡದ ೪ ಬರೆದ ಹಾಗೆ ಉಜ್ಜಿ, ಇಡೀ ಮುಖ ಒಂದೇ ಮಾಸಲು ಬಣ್ಣಕ್ಕೆ ಬರುವವರೆಗೆ. ಮತ್ತೆ ತೊಳೆಯಿರಿ, ಉಜ್ಜಿದ ಪುಡಿ ಒಂದು ಕಣವೂ ಉಳಿಯಬಾರದು.

ಗ್ರೀಸ್ ವಿಷಯದಲ್ಲಿ ಮಾತ್ರ ನಾನು ಹಟ ಮಾಡುತ್ತೇನೆ. ಗುಂಡುಗಳಿಗೆ ಬಾಲ್ ಡಿಫ್‌ಗೆಂದೇ ಬರುವ ಸಿಲಿಕಾನ್ ಗ್ರೀಸ್, ಗುಂಡಿಗೊಂದು ಗುಂಡುಸೂಜಿ ತಲೆಯಷ್ಟು. ಸ್ಕೂಟರಿನ ಗ್ರೀಸ್, ಕಪ್ಪು ಮಾಲಿಬ್ಡಿನಮ್ ಗ್ರೀಸ್ ಅಲ್ಲಿಗೆ ಹಾಕಲೇಬಾರದು, ಅವು ಜಾರಿಸುವುದಕ್ಕೇ ಇರುವವು, ಇಲ್ಲಿ ಘರ್ಷಣೆಯೇ ಕೆಲಸ ಮಾಡುವುದು. ಕಪ್ಪು ಗ್ರೀಸ್ ಬೇಕಾಗುವುದು ನಟ್ ಹತ್ತಿರದ ಥ್ರಸ್ಟ್ ಬೇರಿಂಗಿಗೆ, ಅಂದರೆ ನಟ್ಟಿನ ಒತ್ತಡ ಹೊರುವ ಬೇರಿಂಗಿಗೆ. ಇದನ್ನು ಯಾರೂ ನೋಡುವುದಿಲ್ಲ. ಥ್ರಸ್ಟ್ ಬೇರಿಂಗ್ ಕೊಳೆಯಾಗಿ ಹಿಡಿದುಕೊಂಡರೆ, ಚಕ್ರ ತಿರುಗುವಾಗ ನಟ್ಟನ್ನೂ ಜೊತೆಗೆ ಎಳೆಯುತ್ತದೆ. ಒಂದು ಕಡೆಯ ತಿರುವುಗಳಲ್ಲಿ ಡಿಫ್ ಬಿಗಿಯಾಗುತ್ತಾ ಹೋಗುತ್ತದೆ, ಇನ್ನೊಂದು ಕಡೆ ಸಡಿಲಾಗುತ್ತದೆ. ನೀವು ಎಷ್ಟು ಹೊಂದಿಸಿದರೂ ಹತ್ತು ನಿಮಿಷದಲ್ಲಿ ಕೆಡುತ್ತಿದ್ದರೆ ಮೊದಲು ಇಲ್ಲಿ ನೋಡಿ.

ಜೋಡಿಸಿದ ಮೇಲೆ ನಟ್ ಸ್ವಲ್ಪ ಸಡಿಲವೇ ಇಟ್ಟು, ಒಂದು ಹಿಂಚಕ್ರ ಹಿಡಿದು, ಸಣ್ಣ ಥ್ರಾಟಲ್‌ನಲ್ಲಿ ಇನ್ನೊಂದನ್ನು ಅರ್ಧ ನಿಮಿಷ ತಿರುಗಿಸಿ. ಆಮೇಲೆ ಆ ಕಡೆಯದು. ಗುಂಡುಗಳು ತಮ್ಮ ದಾರಿಯಲ್ಲಿ ಕೂತುಕೊಳ್ಳುತ್ತವೆ. ಈಗ ಎಂಟನೇ ಒಂದು ಸುತ್ತಿನ ಲೆಕ್ಕದಲ್ಲಿ ಬಿಗಿ ಮಾಡುತ್ತಾ ಹೆಬ್ಬೆರಳ ಪರೀಕ್ಷೆ ಮಾಡಿ.

ನಾಲ್ಕು ಚಕ್ರದ ಡ್ರೈವ್ ಕಾರಾದರೆ ಮುಂದೂ ಒಂದು ಡಿಫ್ ಇದೆ, ಹಾಗಾಗಿ ಡಿಫ್ ತೊಂದರೆ ಸ್ಟೀರಿಂಗ್ ತೊಂದರೆಯ ವೇಷದಲ್ಲಿ ಬರುತ್ತದೆ. ನಡುವಿನ ಶಾಫ್ಟ್ ಬೆರಳಲ್ಲಿ ಹಿಡಿದು ಮುಂದಿನ ಒಂದು ಚಕ್ರ ತಿರುಗಿಸಿ, ಇನ್ನೊಂದು ಉಲ್ಟಾ ತಿರುಗಬೇಕು. ತಿರುಗದಿದ್ದರೆ ಚಕ್ರಕ್ಕೆ ಬಲ ಒಯ್ಯುವ ಡಾಗ್‌ಬೋನ್ ಅನ್ನುವ ಸಣ್ಣ ಕಡ್ಡಿ, ಅದರ ತುದಿ ಕೂರುವ ಕಪ್ಪಿನಿಂದ ಕಳಚಿರಬಹುದು. ಒಂದು ಡಾಗ್‌ಬೋನ್ ಬಿದ್ದರೆ ಮುಂದಿನ ಬಲವೆಲ್ಲ ಆ ಖಾಲಿ ಬದಿಗೆ ಹರಿದುಹೋಗುತ್ತದೆ, ಮುಂದಿನ ಎರಡೂ ಚಕ್ರ ದುಡಿಯುವುದನ್ನು ನಿಲ್ಲಿಸುತ್ತವೆ. ಆಮೇಲೆ ಕಾರು ಎತ್ತಿ ಹಿಡಿದು ಪೂರ್ತಿ ಎಡಕ್ಕೆ ತಿರುಗಿಸಿ ಸಣ್ಣ ಥ್ರಾಟಲ್ ಕೊಟ್ಟು ಕೇಳಿ, ಬಲಕ್ಕೂ ಕೇಳಿ. ಒಂದು ಕಡೆ ಮಾತ್ರ ಟಕಟಕ ಅಂದರೆ ಆ ಬದಿಯಲ್ಲಿ ಡಾಗ್‌ಬೋನ್ ಕಪ್ಪಿಗೆ ಸಿಕ್ಕಿಕೊಳ್ಳುತ್ತಿದೆ. ಕಪ್ ಒಳಗಿನ ಕೊಳೆ ತೆಗೆಯಿರಿ, ಆಗಲೂ ನಿಲ್ಲದಿದ್ದರೆ ಸದ್ದು ನಿಲ್ಲುವವರೆಗೆ ಆ ಕಡೆಯ ತಿರುವು ಕಡಿಮೆ ಮಾಡಿ, ಇನ್ನೊಂದು ಕಡೆಯನ್ನೂ ಅಷ್ಟಕ್ಕೇ ಹೊಂದಿಸಿ.

ಈಗ ಕಾರನ್ನು ಮತ್ತೆ ಟೈಲ್ಸ್ ಗೆರೆಯ ಮೇಲೆ ಇಟ್ಟು ತಳ್ಳಿ, ಆ ಕಡೆಯಿಂದಲೂ ಈ ಕಡೆಯಿಂದಲೂ. ಇಲ್ಲಿ ಉಳಿದ ಒಂದೆರಡು ಕ್ಲಿಕ್ಕಿನ ವ್ಯತ್ಯಾಸಕ್ಕೇ ಟ್ರಿಮ್ ಇರುವುದು, ಈಗ ಧೈರ್ಯವಾಗಿ ತಿರುಗಿಸಿ. ಬಾಲ್ ಡಿಫ್ ಹೊಸದಾಗಿ ಜೋಡಿಸಿದ್ದರೆ ಮೊದಲ ಸೆಟ್ ಸೆಲ್ ಖಾಲಿಯಾದ ಕೂಡಲೇ ಹೆಬ್ಬೆರಳ ಪರೀಕ್ಷೆ ಇನ್ನೊಂದು ಸಲ ಮಾಡಿ, ಸಾಮಾನ್ಯವಾಗಿ ಇನ್ನೊಂದು ಎಂಟನೇ ಸುತ್ತು ಬೇಕಾಗಿರುತ್ತದೆ.